ಹಗರಿಬೊಮ್ಮನಹಳ್ಳಿಗೆ ಬಂದ ಇಮ್ರಿಸಾಬ

ಫೆಬ್ರವರಿ ೮, ಭಾನುವಾರ

ಇವತ್ತಿನಿಂದ ಈ ದಿನಚರಿಯಲ್ಲಿ ಬಿಸಿಲು, ಊಟ, ಅವ್ವನ ಮೊಣಕಾಲು ನೋವು ಇವುಗಳನ್ನು ಬರೆಯುವುದಿಲ್ಲ. ಅದಕ್ಕೆಲ್ಲ ನನಗೆ ಪುರುಸೊತ್ತಿಲ್ಲ. ನನಗೊಬ್ಬ ಗುರು ಸಿಕ್ಕಿದ್ದಾನೆ.

ಅಕ್ಕನ ಲಗ್ನಪತ್ರಿಕೆಯ ಕಾಗದ ಇಡಲು ಪ್ರೆಸ್ಸಿನ ಅಟ್ಟ ಖಾಲಿ ಮಾಡು ಎಂದು ಅಪ್ಪ ಹೇಳಿದ್ದ. ನಮ್ಮ ಗಂಗಾಧರ್ ಪ್ರೆಸ್ಸಿಗೆ ಬರುವ ಕರಪತ್ರಗಳನ್ನೆಲ್ಲ ತಿದ್ದುವವಳು ನಾನೇ. ರೈತ ಸಂಘದ್ದು, ಸಾರಾಯಿ ವಿರೋಧಿಗಳದ್ದು, ಮೂಢನಂಬಿಕೆ ವಿರೋಧಿಗಳದ್ದು, ಕೆರೆ ಉಳಿಸುವವರದ್ದು ಎಲ್ಲ ಓದಿದ್ದೇನೆ. ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಅವುಗಳಿಂದ ಕಲಿತದ್ದು ಹೆಚ್ಚು. ಆದರೆ ಇದನ್ನು ಕಂಡಿರಲಿಲ್ಲ. ಕಿರುಹೊತ್ತಿಗೆಗಳ ಧೂಳು ಹಿಡಿದ ಕಟ್ಟು, ಸುತ್ತಿದ ಸುತಳಿ ಹಾಗೇ ಇದೆ. ಯಾರೋ ಮುದ್ರಿಸಲು ಕೊಟ್ಟು, ತೆಗೆದುಕೊಂಡು ಹೋಗಲು ಬಂದೇ ಇಲ್ಲ. 'ವರ್ಕೊಂಡಿ ಇಮ್ರೆ: ಜೀವನ ಮತ್ತು ಸಾಧನೆ. ಬರೆದವರು: ಅಜ್ಜಯ್ಯ, ಶಿಕ್ಷಕರು, ಬಾಗಳಿ.'

ಅಟ್ಟದ ಮೇಲೇ ಕೂತು ಓದಿ ಮುಗಿಸಿದೆ.

ಇಮ್ರೆ ಹಂಗೇರಿ ದೇಶದವನು. ಅಲ್ಲಿಯೂ ನಮ್ಮ ಕಡೆಯಂತೆ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಟಿಸಾ ನದಿಯ ದಂಡೆಯ ಊರಲ್ಲಿ ಗಾಡಿಚಕ್ರ ಮಾಡುವವನ ಮಗ. ಬೆಂಕಿ ಆರಿಸುವ ದಳದ ಬ್ಯಾಂಡಿನಲ್ಲಿ ಡ್ರಮ್ಮು ಹೊಡೆಯುತ್ತ ಬೆಳೆದ. ಬುಡಾಪೆಸ್ಟಿನ ಸಂಗೀತಶಾಲೆ ಸೇರಿ, ಚಿಕ್ಕ ವಯಸ್ಸಿಗೇ ದೊಡ್ಡ ವಾದ್ಯವೃಂದದ ನಿರ್ವಾಹಕನಾದ. ನಿರ್ವಾಹಕ ಎಂದರೆ ಕೋಲು ಹಿಡಿದು ಎಲ್ಲರ ಮುಂದೆ ನಿಲ್ಲುವವನು. ಮಂತ್ರಿಯೊಬ್ಬನ ಹುಟ್ಟುಹಬ್ಬಕ್ಕೆ ನುಡಿಸಲಾರೆ ಎಂದ ಕಾರಣಕ್ಕೆ ಕೆಲಸ ಹೋಯಿತು. ರೈಲ್ವೆ ಕಾರ್ಮಿಕರ ಹರಕು ಬ್ಯಾಂಡನ್ನು ಕೈಗೆತ್ತಿಕೊಂಡು, ದೇಶವೇ ತಿರುಗಿ ನೋಡುವಂತೆ ಮಾಡಿದ! ಅವರಿಗಾಗಿ 'ದ್ರಾಕ್ಷಿ ಸುಗ್ಗಿಯ ಮೆರವಣಿಗೆ' ಎಂಬ ಕೃತಿ ರಚಿಸಿದ. ಹಿಂಬದಿಯ ರಟ್ಟಿನ ಮೇಲೆ ಅದರ ಸ್ವರಗಳನ್ನು ಅಜ್ಜಯ್ಯ ಮೇಷ್ಟ್ರು ಸರಿಗಮದಲ್ಲಿ ಕೊಟ್ಟಿದ್ದಾರೆ.

ಒಂದು ಮಾತನ್ನು ಗೋಡೆಗೆ ಅಂಟಿಸಿದ್ದೇನೆ: 'ಬ್ಯಾಂಡಿನಲ್ಲಿ ಸದ್ದು ಮಾಡದವನು ಒಬ್ಬನೇ. ಎಲ್ಲರೂ ಅವನನ್ನೇ ನೋಡಬೇಕು.'

ಒಂದೇ ಸಂಗತಿ ನನಗೆ ಹಿಡಿಸಲಿಲ್ಲ. ಕೊನೆಗಾಲದಲ್ಲಿ ಇಮ್ರೆ ಕೋಲು ಬಿಟ್ಟು ಬರಿಗೈಯಲ್ಲಿ ನಿರ್ವಹಿಸುತ್ತಿದ್ದನಂತೆ. ಕೋಲಿಲ್ಲದೆ ಶಿಸ್ತು ಎಲ್ಲಿಂದ ಬರುತ್ತದೆ? ವಯಸ್ಸಾಗಿತ್ತು, ಕ್ಷಮಿಸಬಹುದು.

ಫೆಬ್ರವರಿ ೧೧, ಬುಧವಾರ

ಮನೆಯಲ್ಲಿ ಯುದ್ಧ.

ಅಮೃತಕ್ಕನ ಗಂಡನಾಗುವ ಪ್ರವೀಣಕುಮಾರ್ ಕೂಡ್ಲಿಗಿಯವರು, ದನದ ಆಸ್ಪತ್ರೆಯಲ್ಲಿ ಕೆಲಸ. ಮದುವೆಯ ಹಿಂದಿನ ಸಂಜೆ ಬೀಗರನ್ನು ಹನುಮಪ್ಪನ ಗುಡಿಯ ಹತ್ತಿರ ಎದುರುಗೊಂಡು ಕಲ್ಯಾಣ ಮಂಟಪದವರೆಗೆ ಮೆರವಣಿಗೆಯಲ್ಲಿ ಕರೆತರಬೇಕು. ಅದಕ್ಕೆ ಅಪ್ಪ ಡಿಜೆ ಮಾತಾಡಿಕೊಂಡು ಬಂದಿದ್ದಾನೆ. ನಾನು ತಟ್ಟೆ ಸರಿಸಿ ಎದ್ದೆ. "ಡಿಜೆ ಬ್ಯಾಡ. ಮೌಲಾಸಾಬ್ ಚಾಚಾನ ಬ್ಯಾಂಡು ಇರ್ಲಿ."

"ಬೀಗರ ಕಡೆ ಹುಡುಗರು ಕೇಳ್ಯಾರ," ಅಂದ ಅಪ್ಪ. "ಮೌಲಾಸಾಬಂದು ಯಾರು ಕೇಳ್ತಾರ ಈಗ? ಮಂದಿ ಕುಣಿಬೇಕು, ನಿದ್ದಿ ಹೋಗಬಾರ್ದು."

"ಶಬ್ದ ಮಾಲಿನ್ಯದ ಮೂರು ಕರಪತ್ರ ನಮ್ಮ ಪ್ರೆಸ್ಸಿನ್ಯಾಗ ಅಚ್ಚಾಗ್ಯಾವ. ನೀನ ಅಚ್ಚು ಹಾಕಿ ನೀನ ಡಿಜೆ ತರಸ್ತಿ?"

"ಅಚ್ಚು ಹಾಕೂದು ನನ್ನ ಕಸುಬು. ಓದೂದು ನಿನ್ನ ಚಟ."

ಆಗ ಗುರುಬಸಜ್ಜಿ ಮೂಲೆಯಿಂದ ಬಾಯಿ ಹಾಕಿದಳು. "ಆ ಡೀಜಿ ಹಚ್ಚಿದ್ರ ನನ್ನ ಎದಿ ಹಾರ್ತೈತಿ ನೋಡಪ್ಪಾ ಗಂಗಾಧರ. ಅಕ್ಕಿಕಾಳು ಹಾಕಾಕ ಬಂದ ಮಂದಿ ನನಗ ಮಣ್ಣು ಹಾಕಿ ಹೋಗಬೇಕಾಗ್ತೈತಿ."

ಕೊನೆಗೆ ಒಪ್ಪಂದವಾಯಿತು. ಗುಡಿಯಿಂದ ಬಸ್ ನಿಲ್ದಾಣದವರೆಗೆ ಬ್ಯಾಂಡು. ಡಿಜೆ ಗಾಡಿ ಸುಮ್ಮನೆ ಹಿಂದೆ ಬರುತ್ತದೆ. ಬಸ್ ನಿಲ್ದಾಣ ಮುಟ್ಟುವುದರೊಳಗೆ ಬೀಗರ ಕಡೆಯವರು ಕುಣಿಯದಿದ್ದರೆ ಅಪ್ಪ ಕೈ ಎತ್ತುತ್ತಾನೆ, ಡಿಜೆ ಶುರು, ಬ್ಯಾಂಡು ಮನೆಗೆ.

"ಮತ್ತ ನೀನು ಬ್ಯಾಂಡಿನ ಸನೇಕ ಸುಳಿಬಾರ್ದು," ಅಂದ. "ಮದುಮಗಳ ತಂಗಿ, ಆರತಿ ಹಿಡಕೊಂಡು ಹೆಣ್ಮಕ್ಕಳ ಜೋಡಿ ಬರೂದು."

ಇದಕ್ಕೆ ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದು ಒಪ್ಪಿಗೆಯಲ್ಲ.

ಫೆಬ್ರವರಿ ೧೩, ಶುಕ್ರವಾರ

ಮೌಲಾಸಾಬ್ ಚಾಚಾನ ಮನೆಗೆ ಹೋಗಿದ್ದೆ. ಟ್ರಂಪೆಟ್‌ಗಳು ಹಳೇ ಸೀರೆಯಲ್ಲಿ ಸುತ್ತಿಕೊಂಡು ಗೂಟಕ್ಕೆ ತೂಗುತ್ತಿದ್ದವು. ದೊಡ್ಡ ಡ್ರಮ್ಮಿನ ಮೇಲೆ ಸುಲ್ತಾನಬಿ ಚಾಚಿ ಸಂಡಿಗೆ ಒಣಹಾಕಿದ್ದಳು.

ಚಾಚಾ ಕ್ಲಾರ್ನೆಟ್ ಬಾರಿಸುತ್ತಾನೆ. ಮಗ ಮುಜೀಬ ಹಗಲು ಬೈಕ್ ರಿಪೇರಿ, ಮದುವೆ ದಿನಗಳಲ್ಲಿ ಡ್ರಮ್ಮು. ಟ್ರಂಪೆಟ್ಟಿಗೆ ಪಕ್ಕೀರಪ್ಪ. ಜೊತೆಗೆ ಇನ್ನೂ ಐದಾರು ಮಂದಿ. ಬ್ಯಾಂಡು ಇಷ್ಟೇ ಉಳಿದಿದೆ. ಈ ಮದುವೆ ಕಾಲ ಮುಗಿದ ಮೇಲೆ ದಾವಣಗೆರೆಯ ವ್ಯಾಪಾರಿ ಬಂದು ವಾದ್ಯಗಳನ್ನೆಲ್ಲ ಒಯ್ಯುತ್ತಾನಂತೆ.

"ನಿಮ್ಮಕ್ಕನ ಮೆರವಣಿಗಿನೇ ಕಡೀದು ಬೇಟಿ," ಅಂದ ಚಾಚಾ, ಏನೋ ಖುಷಿಯ ಸುದ್ದಿ ಹೇಳುವವನಂತೆ. "ಚಲೋ ಆತು. ನಿಮ್ಮಪ್ಪನ ಲಗ್ನಕ್ಕೂ ನಾನ ಬಾರಿಸಿದ್ದೆ."

"ಕಡೀದಲ್ಲ. ಮೊದಲನೇದು!" ಎಂದು ನಾನು ಕಿರುಹೊತ್ತಿಗೆಯನ್ನು ಅವನ ಮುಂದೆ ಇಟ್ಟೆ. ಇಮ್ರೆಯ ಜೀವನವನ್ನು ನಿಂತುಕೊಂಡೇ ಹೇಳಿದೆ. ರೈಲ್ವೆ ಬ್ಯಾಂಡಿನ ಭಾಗ ಬಂದಾಗ ಮುಜೀಬ ಕೈಯಲ್ಲಿದ್ದ ಪಾನಾ ಕೆಳಗಿಟ್ಟ.

"ಬೆಂಕಿ ಆರಸೋರ ಬ್ಯಾಂಡಿನ್ಯಾಗ ಡ್ರಮ್ಮು ಹೊಡಿತಿದ್ನಾ? ಹಂಗಾರ ನಮ್ಮವನ."

"ಯಾರದು, ಇಮ್ರಿಸಾಬ?" ಎಂದು ಒಳಗಿನಿಂದ ಚಾಚಿ ಕೇಳಿದಳು. "ಎಲ್ಲಿಯಂವ, ಹೊಸಪೇಟಿಯಂವಾ?"

ಹಂಗೇರಿಯವನು ಎಂದೆ. "ದೂರ ಆತು," ಎಂದಳು. ಆದರೆ ಹೆಸರು ಹಾಗೇ ಉಳಿಯಿತು.

ಫೆಬ್ರವರಿ ೨೦, ಶುಕ್ರವಾರ

ದಿನಾ ಮಧ್ಯಾಹ್ನ ಅಭ್ಯಾಸ ಎಂದು ವೇಳಾಪಟ್ಟಿ ಅಚ್ಚು ಹಾಕಿ ಒಯ್ದೆ. ರಂಜಾನ್ ಶುರುವಾಗಿದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

ಮುಜೀಬ ನಕ್ಕ. "ರೋಜಾ ಹಿಡಿದು ಕ್ಲಾರ್ನೆಟ್ ಊದಿದ್ರ ಗಾಳಿ ಬರೂದಿಲ್ಲ ಅರ್ಚನಕ್ಕಾ, ಜೀವಾನ ಹೊರಗ ಬರ್ತೈತಿ."

ಧ್ಯೇಯಕ್ಕಿಂತ ದೊಡ್ಡದು ಯಾವುದೂ ಇಲ್ಲ ಎಂದು ಒಂದು ಸಣ್ಣ ಭಾಷಣ ಮಾಡಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಆಮೇಲೆ ಸಂಜೆ ಉಪವಾಸ ಬಿಟ್ಟ ಮೇಲೆ ಅಭ್ಯಾಸ ಎಂದು ಅವರೇ ಗೊತ್ತು ಮಾಡಿದರು.

ಸಂಜೆ ಹೋದರೆ ಚಾಚಿ ಮೊದಲು ನನ್ನ ಕೈಗೇ ತಟ್ಟೆ ಕೊಟ್ಟಳು. ನಾನು ತತ್ವದ ಪ್ರಕಾರ ಯಾವ ಧರ್ಮದ ಆಚರಣೆಯಲ್ಲೂ ಭಾಗವಹಿಸುವುದಿಲ್ಲ. ಆದರೆ ಖರ್ಜೂರ ಆಚರಣೆಯಲ್ಲ, ಹಣ್ಣು. ಮೆಣಸಿನಕಾಯಿ ಬಜ್ಜಿಯೂ ಆಚರಣೆಯಲ್ಲ.

ಮಾರ್ಚ್ ೧, ಭಾನುವಾರ

ಸ್ವರಗಳು ಕೈಗೆ ಹತ್ತಿವೆ. ಫೋನಿನಲ್ಲಿ ಎಷ್ಟು ಹುಡುಕಿದರೂ ಈ ಕೃತಿ ಸಿಗಲಿಲ್ಲ. ಹಾಗಾಗಿ ರಟ್ಟೇ ನಮಗೆ ಪ್ರಮಾಣ.

ಅದರಲ್ಲಿ ಒಂದು ವಿಶೇಷವಿದೆ. ಸ್ವರಗಳು ಜೋರಾಗಿ ಏರಿಕೊಂಡು ಬಂದು ಇದ್ದಕ್ಕಿದ್ದಂತೆ ನಿಂತು, ಉದ್ದದ ಗೆರೆ ಬರುತ್ತದೆ. ಆಮೇಲೆ ಮತ್ತೆ ಸ್ವರ. ಇಂಥ ಗೆರೆಗಳು ಅಲ್ಲಲ್ಲಿ ಇವೆ. ಗೆರೆ ಎಂದರೆ ಮೌನ. ಪೂರ್ತಿ ಮೌನ, ಡ್ರಮ್ಮೂ ಇಲ್ಲ.

ಪಕ್ಕೀರಪ್ಪನಿಗೆ ನಿಲ್ಲಲು ಆಗುವುದೇ ಇಲ್ಲ. ಎಲ್ಲರೂ ನಿಂತ ಮೇಲೂ ಅವನ ಟ್ರಂಪೆಟ್ಟು ಒಂದು ಸಲ ಪೊಂಯ್ ಅನ್ನುತ್ತದೆ.

"ಖಾಲಿ ಜಾಗದಾಗ ನಾ ಏನು ಮಾಡ್ಲಿ ಮೇಡಂ?"

"ಮೌನ ನುಡಸ್ರಿ."

"ಅದನ್ನ ಮನ್ಯಾಗ ದಿನಾ ನುಡಸ್ತೀನಿ, ಹೇಣ್ತಿ ಮುಂದ. ಇಲ್ಲಿ ಬಂದೂ ಅದನ್ನ ಮಾಡೂದಾ?"

ಈ ಮೌನಗಳು ಯುದ್ಧದಲ್ಲಿ ಸತ್ತವರಿಗಾಗಿ ಇಮ್ರೆ ಬಿಟ್ಟ ಜಾಗ ಎಂದು ನಾನು ವಿವರಿಸಿದೆ. ಕಿರುಹೊತ್ತಿಗೆಯಲ್ಲಿ ಹಾಗೆ ಬರೆದಿಲ್ಲ, ಆದರೆ ಅದು ಸ್ಪಷ್ಟವಾಗಿಯೇ ಇದೆ. ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದಾದ ಮೇಲೆ ಪಕ್ಕೀರಪ್ಪ ಸರಿಯಾಗಿ ನಿಂತ.

ಕೋಲು: ಕೆರೆ ಉಳಿಸುವವರ ಮೆರವಣಿಗೆಯಲ್ಲಿ ನಾನು ಹಿಡಿದಿದ್ದ ಬಾವುಟದ ಬಿದಿರುಕೋಲು. ಉದ್ದವಾಯಿತು ಎಂದು ಮುಜೀಬ ಅನ್ನುತ್ತಾನೆ. ಉದ್ದವಿರಲಿ. ಕಾಣಬೇಕು.

ಮಾರ್ಚ್ ೨೨, ಭಾನುವಾರ

ನಿನ್ನೆ ಹಬ್ಬ. ಚಾಚಿ ಶೀರ್‌ಖುರ್ಮಾ ಕಳಿಸಿದ್ದಳು. ಅಪ್ಪ ಎರಡು ಲೋಟ ಕುಡಿದು, "ಬ್ಯಾಂಡು ಹೆಂಗ ನಡದೈತಿ?" ಎಂದು ಗೋಡೆಯನ್ನು ಕೇಳಿದ.

ಏಪ್ರಿಲ್ ೫, ಭಾನುವಾರ

ಸೊಂಟ ನೋವು. ಕೂತು ಬರೆಯಲಾಗುತ್ತಿಲ್ಲ, ಬೋರಲು ಮಲಗಿ ಬರೆಯುತ್ತಿದ್ದೇನೆ.

ಇವತ್ತು ಮಾರ್ಕೆಟ್ ಯಾರ್ಡಿನಲ್ಲಿ ನಡೆಯುತ್ತ ನುಡಿಸುವ ಅಭ್ಯಾಸ. ಅಲ್ಲಿ ಒಂದು ತಾತ್ವಿಕ ಸಮಸ್ಯೆ ಎದುರಾಯಿತು. ನಿರ್ವಾಹಕ ವಾದ್ಯದವರಿಗೆ ಮುಖ ಮಾಡಿ ನಿಲ್ಲಬೇಕು. ವಾದ್ಯದವರು ಮುಂದಕ್ಕೆ ನಡೆಯುತ್ತಾರೆ. ಅಂದರೆ ನಿರ್ವಾಹಕ ಹಿಂದಕ್ಕೆ ನಡೆಯಬೇಕು! ಇಮ್ರೆಯ ರೈಲ್ವೆ ಬ್ಯಾಂಡು ನಡೆಯುತ್ತ ನುಡಿಸುತ್ತಿತ್ತೋ, ನಿಂತೋ? ಕಿರುಹೊತ್ತಿಗೆ ಈ ಬಗ್ಗೆ ಮೌನವಾಗಿದೆ.

"ನೀನೂ ಮುಂದಕ್ಕ ಮುಖ ಮಾಡಿ ನಡಿ, ಕೋಲು ಮ್ಯಾಲೆತ್ತು, ನಾವು ಕೋಲು ನೋಡ್ತೀವಿ," ಅಂದ ಚಾಚಾ.

"ಇಲ್ಲ. ನೀವು ನನ್ನ ಕಣ್ಣು ನೋಡಬೇಕು."

ಹಿಂದಕ್ಕೆ ನಡೆದೆ. ಮೊದಲನೇ ಮೌನದವರೆಗೆ ಚೆನ್ನಾಗಿಯೇ ಹೋಯಿತು. ಎರಡನೇ ಮೌನ ಬರುವ ಮೊದಲೇ ನಾನು ಮೆಕ್ಕೆಜೋಳದ ರಾಶಿಯ ಮೇಲೆ ಅಂಗಾತ ಬಿದ್ದೆ. ಬ್ಯಾಂಡು ನಿಲ್ಲಲಿಲ್ಲ. ಕೋಲು ಮೇಲೇ ಇತ್ತು, ಹಾಗಾಗಿ ನುಡಿಸುತ್ತಲೇ ನನ್ನ ಸುತ್ತ ನಿಂತರು. ಶಿಸ್ತು ಎಂದರೆ ಇದು.

ನನ್ನನ್ನು ಎಬ್ಬಿಸಿದವಳು ಚಾಚಿ. "ಬೆನ್ನಿಗೆ ಒಂದು ಕೈ ಬೇಕವ್ವಾ ನಿನಗ," ಎಂದು ನನ್ನ ಹಿಂದೆಯೇ ನಿಂತಳು. ನಾವೇ ಒಂದು ಪದ್ಧತಿ ಕಂಡುಕೊಂಡೆವು. ಎಡಭುಜ ಒತ್ತಿದರೆ ಎಡಕ್ಕೆ, ಬಲ ಒತ್ತಿದರೆ ಬಲಕ್ಕೆ, ಬೆನ್ನ ನಡುವೆ ಅಂಗೈ ಇಟ್ಟರೆ ನಿಲ್ಲು, ತಟ್ಟಿದರೆ ನಡಿ. ಆಮೇಲೆ ಒಮ್ಮೆಯೂ ಬೀಳಲಿಲ್ಲ. ಚಾಚಿಗೆ ತಾಳ ಮಾತ್ರ ಹಿಡಿಯುವುದಿಲ್ಲ, ಮನಸ್ಸು ಬಂದಾಗ ತಟ್ಟುತ್ತಾಳೆ. ಇರಲಿ.

ಅಪ್ಪ ಸ್ಕೂಟರ್ ಮೇಲೆ ಯಾರ್ಡಿನ ಗೇಟಿನಲ್ಲಿ ನಿಂತಿದ್ದನೆಂದು ಮುಜೀಬ ಹೇಳಿದ. ಮನೆಯಲ್ಲಿ ಅಪ್ಪ ಇಷ್ಟೇ ಅಂದ: "ಬೀಗರ ಮುಂದ ಹಂಗ ಬಿದ್ರ ನಾ ಊರು ಬಿಡಬೇಕಾಗ್ತೈತಿ. ಆರತಿ ಹಿಡಿಯಾಕ ಏನಾಗೇತಿ ನಿನಗ?"

"ಆರತಿ ಹಿಡದೋರು ನೂರು ಮಂದಿ ಅದಾರ."

"ಮೊಂಡಿ," ಅಂದ ಅಪ್ಪ, ಅಜ್ಜಿಯ ಕಡೆ ನೋಡಿ.

"ಯಾರ ರಕ್ತ ಅದು?" ಅಂದಳು ಅಜ್ಜಿ.

ಏಪ್ರಿಲ್ ೧೨, ಭಾನುವಾರ

ಹರಪನಹಳ್ಳಿಗೆ ಹೋಗಿ ಅಲ್ಲಿಂದ ಬಾಗಳಿಯ ಬಸ್ಸು ಹಿಡಿದೆ. ಅಜ್ಜಯ್ಯ ಮೇಷ್ಟ್ರನ್ನು ಮೆರವಣಿಗೆಗೆ ಕರೆಯಬೇಕು, ಅವರ ಎದುರೇ ಅವರ ಇಮ್ರೆ ನುಡಿಯಬೇಕು ಎಂದು ಆಸೆ.

ಕಲ್ಲೇಶ್ವರ ಗುಡಿಯ ಹತ್ತಿರವೇ ಮನೆ. ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಕಿರುಹೊತ್ತಿಗೆ ತೋರಿಸಿದ ಕೂಡಲೇ ಸಿಪ್ಪೆಯೆಲ್ಲ ನೆಲಕ್ಕೆ ಬಿತ್ತು.

"ಅಯ್ಯೋ, ಇದು ಅಚ್ಚಾಗಿತ್ತಾ! ನಂಗೆ ವರ್ಗ ಆಗಿ ಬೇರೆ ಕಡೆ ಹೋದೆ ಕಣಮ್ಮ. ಆಮೇಲೆ ನಾಚ್ಕೆ ಆತು. ಹಂಗೇರಿಯವನ ಕಥೆ ಇಲ್ಲಿ ಯಾರಿಗೆ ಹಂಚ್ಲಿ ಅಂತ ಬಿಟ್ಬಿಟ್ಟೆ."

ನಾವು ನುಡಿಸಿದ್ದನ್ನು ಫೋನಿನಲ್ಲಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮೊದಲನೇ ಮೌನ ಬಂದಾಗ ಕಣ್ಣು ತೆರೆದು, "ನಿಂತೋತಲ್ಲ, ಫೋನು ಕೆಡ್ತಾ?" ಅಂದರು.

"ಇಲ್ಲ ಸಾರ್. ಮೌನ. ನೀವು ಗೆರೆ ಹಾಕಿದ್ದೀರಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಒಳಗಿನಿಂದ ಸೊಸೆ ನೀರು ತಂದಳು.

"ನಾನು ಅದನ್ನ ಕೇಳಿದ್ದು ರೇಡಿಯೋದಲ್ಲಿ ಕಣಮ್ಮ. ಆ ದೂರದ ಸ್ಟೇಷನ್ನು ಬರೋದು ಹೋಗೋದು, ಬರೀ ಗೊರಗೊರ. ಕೇಳಿದಷ್ಟು ಬರ್ಕೊಂಡೆ, ಗೊರಗೊರ ಬಂದ ಕಡೆ ಗೆರೆ ಎಳ್ದೆ. ಮುಂದೆ ಯಾವತ್ತಾದ್ರೂ ಕೇಳಿ ತುಂಬೋಣ ಅಂತ. ಕೇಳ್ಲೇ ಇಲ್ಲ."

ಸುಸ್ತಾಗುವಷ್ಟು ನಕ್ಕ ಮೇಲೆ ಹೇಳಿದರು: "ಬಿಡು, ಒಬ್ಳು ಓದಿದ್ಲಲ್ಲ. ಬರ್ತೀನಿ ಮೆರವಣಿಗೆಗೆ."

ನನಗೆ ನಗು ಬರಲಿಲ್ಲ. ಎರಡು ತಿಂಗಳಿಂದ ನಾವು ಕೆಟ್ಟ ರೇಡಿಯೋವನ್ನು ಭಕ್ತಿಯಿಂದ ನುಡಿಸುತ್ತಿದ್ದೇವೆ! ಚಾಚಿ ಅತ್ತದ್ದು ಗೊರಗೊರಕ್ಕೆ! ಇದು ಇಮ್ರೆಗೆ ಮಾಡಿದ ಅವಮಾನ. ಬಸ್ಸಿನಲ್ಲಿಯೇ ಗೆರೆಗಳ ಜಾಗಕ್ಕೆಲ್ಲ ಹೊಂದುವ ಸ್ವರ ಬರೆದು ತುಂಬಿದ್ದೇನೆ. ಇನ್ನು ಒಂದೂ ಮೌನ ಇರಬಾರದು. ಸತ್ಯ ಮುಖ್ಯ.

ಏಪ್ರಿಲ್ ೧೪, ಮಂಗಳವಾರ

ಬ್ಯಾಂಡಿನವರಿಗೆ ಸತ್ಯ ಹೇಳಿದೆ. ಮುಜೀಬ ಡ್ರಮ್ಮಿನ ಮೇಲೆ ತಲೆಯಿಟ್ಟು ನಕ್ಕ. ಚಾಚಿ ಮಾತ್ರ, "ಇರ್ಲಿ ಬಿಡವ್ವಾ, ಸತ್ತೋರು ಎಲ್ಲಾ ಕಡಿ ಇರ್ತಾರ, ನಾ ಅತ್ತದ್ದೇನು ದಂಡ ಅಲ್ಲ," ಅಂದಳು.

ಹೊಸ ಸ್ವರ ತುಂಬಿ ನಡೆಯುತ್ತ ನುಡಿಸಿದೆವು. ಎಲ್ಲೂ ನಿಲುಗಡೆಯಿಲ್ಲ. ಯಾರ್ಡಿನ ಎರಡನೇ ಸುತ್ತಿಗೆ ಚಾಚಾನ ಮುಖ ಕೆಂಪಾಯಿತು. ಮೂರನೇ ಸುತ್ತಿಗೆ ಕ್ಲಾರ್ನೆಟ್ ಬಾಯಿಂದ ತೆಗೆದು, ಎತ್ತಿನ ಗಾಡಿಯ ನೊಗದ ಮೇಲೆ ಕೂತು ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.

"ಏನಿಲ್ಲ ಬೇಟಿ. ಮೊದಲು ನಿಂತು ನಿಂತು ಬಾರಿಸ್ತಿದ್ವಲ್ಲ, ರೂಢಿ ತಪ್ಪೇತಿ. ನಡಿ, ಮತ್ತ ಹಿಡಿಯೂಣು." ಎದ್ದು ನಿಂತ. ನಿಂತವನು ಮತ್ತೆ ನೊಗ ಹಿಡಿದುಕೊಂಡ.

ನಾನು ರಟ್ಟು ತೆಗೆದುಕೊಂಡು, ಬರೆದ ಸ್ವರಗಳನ್ನೆಲ್ಲ ಹೊಡೆದುಹಾಕಿ, ಗೆರೆಗಳನ್ನು ಮತ್ತೆ ಎಳೆದೆ. ಮೊದಲಿದ್ದುದಕ್ಕಿಂತ ಎರಡು ಗೆರೆ ಹೆಚ್ಚು ಹಾಕಿದೆ. ಇದು ಪೂರ್ತಿ ಸಂಗೀತದ ದೃಷ್ಟಿಯಿಂದ ತೆಗೆದುಕೊಂಡ ತೀರ್ಮಾನ. ತುಂಬಿದ ಸ್ವರಗಳು ಚೆನ್ನಾಗಿರಲಿಲ್ಲ.

"ಸತ್ತೋರ ಮೌನ ತಿರುಗಿ ಬಂತಾ ಮೇಡಂ?" ಅಂದ ಪಕ್ಕೀರಪ್ಪ.

"ಉಸುರು ತಗೋರಿ," ಅಂದೆ. "ಎಲ್ಲಾರೂ ಉಸುರು ತಗೋರಿ ಅಲ್ಲಿ."

ಏಪ್ರಿಲ್ ೨೪, ಶುಕ್ರವಾರ

ನಾಳೆ. ಮನೆ ತುಂಬ ನೆಂಟರು. ಅಕ್ಕನ ಕೈಯಲ್ಲಿ ಮೆಹಂದಿ ಇದೆ, ಅವಳಿಗೆ ಚಹಾ ಕುಡಿಸಿದ್ದು ನಾನೇ. "ಅರ್ಚೀ, ನಾಳೆ ನೀ ಬೀಳಬ್ಯಾಡ," ಅಂದಳು. "ಬಿದ್ರೂ ಅಳಬ್ಯಾಡ. ನನ್ನ ಲಗ್ನದಾಗ ಅಳೂದು ನಾನೊಬ್ಬಾಕಿನ."

ಏಪ್ರಿಲ್ ೨೭, ಸೋಮವಾರ

ನಿನ್ನೆ ಮದುವೆ ಆಯಿತು. ಅಕ್ಕ ಕೂಡ್ಲಿಗಿಗೆ ಹೋದಳು. ಮೊನ್ನೆ ಸಂಜೆಯದ್ದನ್ನು ಬರೆಯಲು ಇವತ್ತು ಕೈ ಬಿಡುವಾಗಿದೆ.

ಹನುಮಪ್ಪನ ಗುಡಿ ಮುಂದೆ ಬೀಗರು ಇಳಿದರು. ಕಾಲಿಗೆ ನೀರು, ಆರತಿ, ಎಲ್ಲ ಆಯಿತು. ಪ್ರವೀಣಕುಮಾರ್ ಭಾವ ಹೂವು ಸುತ್ತಿದ ಜೀಪಿನಲ್ಲಿ ಪೇಟ ಕಟ್ಟಿಕೊಂಡು ಕೂತ. ಮೊದಲು ನಾನು, ನನ್ನ ಬೆನ್ನಿಗೆ ಸುಲ್ತಾನಬಿ ಚಾಚಿ. ನನ್ನೆದುರು ಬ್ಯಾಂಡು, ಅದರ ಹಿಂದೆ ಹುಡುಗರು, ಜೀಪು, ಆರತಿ ಹಿಡಿದ ಹೆಂಗಸರು. ಕೊನೆಯಲ್ಲಿ ಡಿಜೆ ಗಾಡಿ. ಅದರ ಮೇಲೆ ಡಿಜೆ ಅಂಜಿನೇಯಲು ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದ. ಅಪ್ಪ ಜೀಪಿನ ಪಕ್ಕದಲ್ಲಿ ಬಿಳಿ ಅಂಗಿಯಲ್ಲಿ ನಡೆಯುತ್ತಿದ್ದ. ನನ್ನನ್ನು ಬ್ಯಾಂಡಿನ ಮುಂದೆ ಕಂಡು ಅವನ ಮುಖ ಬಿಗಿದುಕೊಂಡಿತು, ಆದರೆ ಬೀಗರು ನೋಡುತ್ತಿದ್ದುದರಿಂದ ನಕ್ಕು ಅವರಿಗೆ ಕೈ ಮುಗಿದ.

ಕೋಲು ಎತ್ತಿದೆ. ದ್ರಾಕ್ಷಿ ಸುಗ್ಗಿ ಶುರುವಾಯಿತು.

ಯಾರೂ ಕುಣಿಯಲಿಲ್ಲ.

ಕೂಡ್ಲಿಗಿಯ ಹುಡುಗರು ಕೈಕಟ್ಟಿ ನಡೆದರು. ಒಬ್ಬ ತಿರುಗಿ ಅಂಜಿನೇಯಲುಗೆ ಕಣ್ಣು ಹೊಡೆದ. ಚಾಚಾನ ಹುಬ್ಬಿನ ಮೇಲೆ ಬೆವರು. ಪಾನ್ ಅಂಗಡಿ ದಾಟಿತು, ಬ್ಯಾಂಕು ದಾಟಿತು. ಇಮ್ರೆ ಆಗಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಲೂ ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ಭಾವನ ಸೋದರಮಾವ, ದೊಡ್ಡ ಹೊಟ್ಟೆಯ ಮನುಷ್ಯ, ಬೀಗರ ಮರ್ಯಾದೆಗೆಂದು ಒಂದು ಕಾಲೆತ್ತಿ ಒಂದು ಹೆಜ್ಜೆ ಹಾಕಿದರು. ಕಾಲು ಗಾಳಿಯಲ್ಲಿದ್ದಾಗಲೇ ಮೌನ ಬಂತು.

ಬ್ಯಾಂಡು ಕಚಕ್ಕನೆ ನಿಂತಿತು. ಪಕ್ಕೀರಪ್ಪನೂ ನಿಂತ. ಮಾವ ಒಂಟಿಕಾಲಿನಲ್ಲಿ ಅತ್ತಿತ್ತ ನೋಡುತ್ತ ಉಳಿದರು. ಇಡೀ ಬೀದಿ ಗಪ್‌ಚಿಪ್.

ಹೆಂಗಸರ ನಡುವಿನಿಂದ ಅಜ್ಜಿಯ ದನಿ: "ಇಳಸಬ್ಯಾಡ್ರೀ ಬೀಗರ ಕಾಲು, ಹಾಡು ಇನ್ನೂ ಐತಿ!"

ಬೀದಿಗೆ ಬೀದಿಯೇ ನಕ್ಕಿತು. ಆ ನಗುವಿನ ನಡುವೆಯೇ ನಾನು ಕೈ ಇಳಿಸಿದೆ, ಬ್ಯಾಂಡು ಹಾರಿ ಬಂತು, ಮಾವನ ಕಾಲು ತಾಳಕ್ಕೇ ಇಳಿಯಿತು. ಎರಡನೇ ಮೌನಕ್ಕೆ ಮೂವರು ಹುಡುಗರು ಬೇಕೆಂದೇ ಕೈ ಮೇಲಿಟ್ಟುಕೊಂಡು ಕಲ್ಲಾದರು. ಮೂರನೆಯದಕ್ಕೆ ಹತ್ತಿಪ್ಪತ್ತು ಜನ. ಅಲುಗಿದವನನ್ನು ಉಳಿದವರು "ಔಟ್!" ಎಂದು ಕೂಗಿ ಹೊರಗೆ ತಳ್ಳಿದರು. ಔಟಾದವನು ಮತ್ತೆ ಓಡಿ ಬಂದು ಸೇರಿಕೊಂಡ. ಮಿರ್ಚಿ ಗಾಡಿಯವನು ಜಾಲರಿ ಎತ್ತಿ ಹಿಡಿದು ನಿಂತ. ಆ ಮೌನದಲ್ಲಿ ಚಾಚಾನ ಎದೆ ಏರಿ ಇಳಿಯುವುದು ನನಗೆ ಕಾಣುತ್ತಿತ್ತು. ಅವನು ತಲೆಯಾಡಿಸಿದ ಮೇಲೆಯೇ ನಾನು ಕೈ ಇಳಿಸಿದೆ. ಒಂದೊಂದು ಸಲ ಒಂದೊಂದು ಉದ್ದ. ಎಷ್ಟು ಉದ್ದವಾದರೆ ಅಷ್ಟು ಕೂಗು.

ಬಸ್ ನಿಲ್ದಾಣ ಬಂತು. ನಾನು ಹಿಂದಕ್ಕೆ ನಡೆಯುತ್ತಿದ್ದುದರಿಂದ ಡಿಜೆ ಗಾಡಿ ಪೂರ್ತಿ ಕಾಣುತ್ತಿತ್ತು. ಅಂಜಿನೇಯಲು ಗುಂಡಿಯಿಂದ ಬೆರಳು ತೆಗೆಯದೆ, ಕತ್ತು ಚಾಚಿ ಅಪ್ಪನ ಸನ್ನೆಗಾಗಿ ಹುಡುಕುತ್ತಿದ್ದ. ನಾನೂ ಹುಡುಕಿದೆ. ಜೀಪಿನ ಪಕ್ಕದಲ್ಲಿ ಅಪ್ಪ ಇರಲಿಲ್ಲ.

ಅಲ್ಲೇ ಕೇಬಲ್ ವೈರು ಬೀದಿಗೆ ಅಡ್ಡವಾಗಿ ಜೋತುಬಿದ್ದಿತ್ತು. ಜೀಪಿನ ಹೂವಿನ ಕಮಾನಿಗೆ ಅದು ಸಿಕ್ಕಿಕೊಂಡಿತು. ಯಾರೋ "ಕೋಲು, ಕೋಲು!" ಎಂದು ಕೂಗಿ ನನ್ನ ಕೈಯಿಂದ ಬಿದಿರುಕೋಲು ಕಸಿದುಕೊಂಡು ವೈರು ಎತ್ತಿದರು. ಜೀಪು ದಾಟಿತು. ಕೋಲು ತಿರುಗಿ ಬರಲಿಲ್ಲ. ಕೈಗಳನ್ನೇ ಬೀಸಿದೆ. ಮುಜೀಬ ನನ್ನನ್ನೇ ನೋಡುತ್ತಿದ್ದ, ಯಾರಿಗೂ ಏನೂ ವ್ಯತ್ಯಾಸವಾದಂತೆ ಕಾಣಲಿಲ್ಲ.

ಬಸ್ ನಿಲ್ದಾಣ ದಾಟಿದ ಮೇಲೆ ಬೆನ್ನ ಮೇಲಿನ ಕೈ ಬಹಳ ಗಟ್ಟಿಯಾಗಿತ್ತು. ರಸ್ತೆಯಲ್ಲಿ ಗುಂಡಿ ಬಂದರೆ ಮೊದಲೇ ಬಲಕ್ಕೆ ಒತ್ತುತ್ತಿತ್ತು. ಹೊಸಪೇಟೆ ಬಸ್ಸು ನುಗ್ಗಿ ಬಂದಾಗ ಅಂಗೈ ಬೆನ್ನಿಗೆ ಗೋಡೆಯಂತೆ ನಿಂತಿತು. ನಡಿ ಎಂದು ತಟ್ಟುವುದೂ ತಾಳಕ್ಕೇ ತಟ್ಟುತ್ತಿತ್ತು. ಟಕ್ ಟಕಾ, ಟಕ್ ಟಕಾ, ನಮ್ಮ ಪ್ರೆಸ್ಸಿನ ಹಳೇ, ಕಾಲಿನಿಂದ ತುಳಿಯುವ ಮಷೀನಿನ ಹಾಗೆ. ಚಾಚಿಗೆ ತಾಳ ಯಾವಾಗ ಬಂತು ಎಂದುಕೊಂಡೆ.

ಮಂಟಪದ ಬಾಗಿಲಲ್ಲಿ ಕೊನೆಯ ಸ್ವರ. ಜನ ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೂಗುತ್ತಿದ್ದರು. ಅಜ್ಜಯ್ಯ ಮೇಷ್ಟ್ರು ಕುರ್ಚಿಯ ಮೇಲೆ ನಿಂತು ಟವೆಲ್ ಬೀಸುತ್ತಿದ್ದರು. ಹೂವಿನಹಡಗಲಿಯಿಂದ ಬಂದ ನೆಂಟರೊಬ್ಬರು ಆಗಲೇ ಚಾಚಾನ ಹೆಗಲು ಹಿಡಿದು ಯಾವುದೋ ತಾರೀಕು ಕೇಳುತ್ತಿದ್ದರು. ಡಿಜೆ ಗಾಡಿ ಒಂದು ಗುಂಡಿಯನ್ನೂ ಒತ್ತದೆ ಹಿಂದಕ್ಕೆ ತಿರುಗುತ್ತಿತ್ತು.

ಚಾಚಿ ಮಂಟಪದ ಮೆಟ್ಟಿಲ ಮೇಲೆ ಕಂಡಳು, ಬೀಗಿತ್ತಿಯರಿಗೆ ಪನ್ನೀರು ಚಿಮುಕಿಸುತ್ತ.

ತಿರುಗಿ ನೋಡಿದೆ. ಅಪ್ಪ. ಬೆವರಿನಲ್ಲಿ ತೊಯ್ದಿದ್ದ. "ಬೀಗರಿಗೆ ನೀರು ಕೊಡ್ರಲೇ ಯಾರರ!" ಎಂದು ಯಾರಿಗೋ ಕೂಗಿ ಒಳಗೆ ಹೋಗಿಬಿಟ್ಟ.

ಆಮೇಲೆ ಚಾಚಿ ಹೇಳಿದಳು. "ಬಸ್‌ಸ್ಟಾಂಡ್ ಕಡಿ ಬಂದ. ಸರೀರಿ ಸುಲ್ತಾನಬೀ ಅಂದ. ಸರದೆ. ಅಂವ ಕೈ ಎತ್ತಾಕ ಬಂದಾನ ಅಂತ ನನಗ ಅಂಜಿಕಿ ಆಗಿತ್ತವ್ವಾ."

ಇವತ್ತು ಅವ್ವ ಬಟ್ಟೆ ಒಗೆಯಲು ತೆಗೆದಾಗ ಬೈದಳು. ನನ್ನ ಹೊಸ ಹಳದಿ ಜಂಪರಿನ ಬೆನ್ನಿನ ತುಂಬ ಕಪ್ಪು ಶಾಯಿಯ ಬೆರಳುಗಳು. ಅಪ್ಪ ಮೆರವಣಿಗೆಗೆ ಬರುವ ಸ್ವಲ್ಪ ಮೊದಲು ಊಟದ ಕೂಪನ್ನು ಅಚ್ಚು ಹಾಕಿ ಬಂದಿದ್ದನಂತೆ. "ನಿಂಬಿಹಣ್ಣು ಹಚ್ಚಿ ತಿಕ್ಕಿದ್ರ ಹೋಗ್ತೈತಿ," ಅಂದಳು.

ನಾನು ಅದನ್ನು ತೆಗೆದು ಟ್ರಂಕಿನಲ್ಲಿಟ್ಟಿದ್ದೇನೆ.

ಮೇ ೩, ಭಾನುವಾರ

ಭಯಂಕರ ಬಿಸಿಲು. ಅವ್ವನ ಮೊಣಕಾಲು ಹಾಗೇ ಇದೆ. ಮಧ್ಯಾಹ್ನ ಅನ್ನ, ಹಸಿಮಾವಿನಕಾಯಿ ಚಿತ್ರಾನ್ನ.

ದಾವಣಗೆರೆಯ ವ್ಯಾಪಾರಿ ಚೀಲ ಹಿಡಿದು ಬಂದಿದ್ದ. ಚಾಚಾ ಅವನಿಗೆ ಚಹಾ ಕುಡಿಸಿ, ಬಸ್ಸು ಹತ್ತಿಸಿ ಬಂದ. ಕೊಟ್ಟೂರಿನ ಮದುವೆ ಒಂದು, ಹಡಗಲಿಯದು ಒಂದು, ಮುಂದಿನ ವಾರ ಮಾಗಳದ್ದು. ಎಲ್ಲರೂ ಕೇಳುವುದು ಒಂದೇ: "ಆ ನಿಲ್ಲೂ ಹಾಡು." ಅದಕ್ಕೀಗ ಇಮ್ರಿಸಾಬನ ಹಾಡು ಎಂದೇ ಹೆಸರು. ಅಂಜಿನೇಯಲು ಕೂಡ ಬಂದು ಪೆನ್‌ಡ್ರೈವ್‌ನಲ್ಲಿ ಹಾಕಿಕೊಡು ಎಂದ. ಕೊಟ್ಟೆ. ಅವನ ಡಬ್ಬದಲ್ಲಿ ಮೌನ ಅಷ್ಟೊಂದು ಚೆನ್ನಾಗಿ ಬರಲಾರದು, ಆದರೂ ಬಾರಿಸಲಿ.

ಮಧ್ಯಾಹ್ನ ಬ್ಯಾಂಡಿನ ಕರಪತ್ರದ ಅಚ್ಚು ತಿದ್ದುತ್ತಿದ್ದೆ. ಅಪ್ಪ ಮಷೀನಿನ ಮುಂದೆ ಕೂತಿದ್ದ. ತಲೆ ಎತ್ತಲಿಲ್ಲ.

"ಮಾಗಳದ್ದು ಯಾವತ್ತು?"

"ಬರೂ ಭಾನುವಾರ."

"ಹೊಳಿ ಕಡಿ ಹಾದಿ ಭಾಳ ಕೆಟ್ಟೈತಿ," ಅಂದ ಅಪ್ಪ. "ಅವತ್ತು ಪ್ರೆಸ್ಸು ಬಂದ್ ಇಡ್ತೀನಿ."